ನೆನಪು ಕೇಳಬೇಡಿ, ಕಥೆ ಕೇಳಿ

ಅಲ್ಜೈಮರ್ ಎಂಬ ಮರೆವಿನ ಕಾಯಿಲೆ ಇರುವ ಅಜ್ಜಿಯನ್ನು ನೋಡಲು ಬಂದ ನೆಂಟರು ಕೇಳುವ ಮೊದಲ ಮಾತು: ‘ನಾನ್ಯಾರು ಹೇಳಿ ನೋಡೋಣ?’ ಅಜ್ಜಿಗೆ ಗೊತ್ತಾಗುವುದಿಲ್ಲ. ಮುಖ ಸಪ್ಪೆಯಾಗುತ್ತದೆ. ಕಥೆ ಹೇಳಿಸುತ್ತೇವೆ, ಚಿತ್ರ ಬರೆಸುತ್ತೇವೆ ಅಂತ ಉತ್ಸಾಹದಿಂದ ಕೂರುವ ಮನೆಯವರೂ ಇದೇ ಪರೀಕ್ಷೆ ನಡೆಸುತ್ತಾರೆ.

ಈ ಕಾಯಿಲೆ ಹೊಸ ನೆನಪು ಕಟ್ಟುವ ಮಿದುಳಿನ ಭಾಗವನ್ನು, ಅಂದರೆ ಹಿಪ್ಪೊಕ್ಯಾಂಪಸ್ಸನ್ನು, ಶುರುವಿನಲ್ಲೇ ಹಿಡಿಯುತ್ತದೆ. ತಮಾಷೆ, ರಾಗ, ಬಣ್ಣದ ಆಸೆ ಅಷ್ಟು ಬೇಗ ಹೋಗುವುದಿಲ್ಲ. ಅಮೆರಿಕದ ರಂಗಕರ್ಮಿ ಆ್ಯನ್ ಬಾಸ್ಟಿಂಗ್ 1990ರ ದಶಕದಲ್ಲಿ ವೃದ್ಧಾಶ್ರಮವೊಂದರಲ್ಲಿ ಹಳೇ ನೆನಪು ಕೆದಕಿ ಕೆದಕಿ ಸೋತರು. ಕೊನೆಗೆ ಪತ್ರಿಕೆಯಿಂದ ಸಿಗರೇಟ್ ಜಾಹೀರಾತಿನ ಕೌಬಾಯ್ ಚಿತ್ರ ಹರಿದು ತಂದು, ‘ಇವನಿಗೆ ಏನು ಹೆಸರಿಡೋಣ?’ ಎಂದರು. ಸುಮ್ಮನೆ ಕೂತಿದ್ದವರೆಲ್ಲ ಬಾಯಿಬಿಟ್ಟರು. ಅಲ್ಲಿಂದ ಹುಟ್ಟಿದ ‘ಟೈಮ್‌ಸ್ಲಿಪ್ಸ್’ ವಿಧಾನವನ್ನೇ ನಮ್ಮ ಮನೆಗೆ ಹೊಂದಿಸಿಕೊಳ್ಳಬಹುದು. ಇದರಿಂದ ಕಾಯಿಲೆ ವಾಸಿಯಾಗುವುದಿಲ್ಲ, ಮಾತ್ರೆ ನಿಲ್ಲಿಸಬೇಡಿ.

ಮೊದಲು ಹೊತ್ತು ಮತ್ತು ಜಾಗ. ಬೆಳಗಿನ ತಿಂಡಿ ಆದ ಮೇಲೆ, ಟಿವಿ ಆರಿಸಿ, ಕನ್ನಡಕ, ಕಿವಿಯ ಮಶೀನ್ ಹಾಕಿಸಿ ಕೂರಿಸಿ. ಸಂಜೆ ಬೇಡ, ಅನೇಕರಿಗೆ ಆಗಲೇ ಗಲಿಬಿಲಿ ಜಾಸ್ತಿ.

ಆಮೇಲೆ ಚಿತ್ರ. ಮದುವೆ ಆಲ್ಬಮ್ ತೆಗೆಯಬೇಡಿ. ಮನೆಯವರ ಫೋಟೋ ಕಂಡ ಕೂಡಲೇ ‘ಇದು ಯಾರು?’ ಎಂಬ ಪ್ರಶ್ನೆ ನಿಮ್ಮ ಬಾಯಿಂದ ಬಂದೇ ಬರುತ್ತದೆ. ಹಳೇ ಕ್ಯಾಲೆಂಡರೋ ಪುರವಣಿಯೋ ಸಾಕು. ಯಾರದೋ ಮುಖ, ಸ್ವಲ್ಪ ವಿಚಿತ್ರ ಸನ್ನಿವೇಶ ಇರಲಿ. ಸೈಕಲ್ ಮೇಲೆ ಆಡು ಕೂರಿಸಿಕೊಂಡು ಹೊರಟ ಮುದುಕನಂಥದ್ದು.

ಈಗ ಎಲ್ಲರೂ ಎಡವುವ ಜಾಗ: ಪ್ರಶ್ನೆ. ಸರಿ ತಪ್ಪು ಎಂಬುದೇ ಇಲ್ಲದ ಪ್ರಶ್ನೆ ಕೇಳಬೇಕು. ‘ಇದು ಯಾವ ಪ್ರಾಣಿ?’ ಅಂದರೆ ಪರೀಕ್ಷೆ. ‘ಇವನು ಎಲ್ಲಿಗೆ ಹೊರಟಿರಬಹುದು?’ ಅಂದರೆ ಕಥೆ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ. ಉತ್ತರ ಬರಲು ಅರ್ಧ ನಿಮಿಷ ಹಿಡಿಯಬಹುದು. ಆ ಮೌನ ತಡೆಯಲಾಗದೆ ಮಗಳೇ ಉತ್ತರ ಹೇಳಿಬಿಡುವುದನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ!

ಬಂದ ಉತ್ತರವನ್ನು ಅವರ ಮಾತಿನಲ್ಲೇ ದೊಡ್ಡ ಹಾಳೆಯಲ್ಲಿ ಬರೆಯಿರಿ. ‘ಬೀಗರ ಮನೆಗೆ’ ಅಂದರು, ಬರೆಯಿರಿ. ಆಡು ಯಾಕೆ? ‘ಅದಕ್ಕೂ ಊಟ ಬೇಡ್ವಾ?’ ಬರೆಯಿರಿ. ಅವರು ಕುರಿ ಅಂದಾಗ ‘ಅಮ್ಮಾ, ಅದು ಕುರಿಯಲ್ಲ, ಆಡು’ ಎಂದು ತಿದ್ದಿದಿರೋ, ಆಟ ಅಲ್ಲಿಗೇ ಮುಗಿಯಿತು. ಅರ್ಥವಾಗದ ಶಬ್ದ ಬಂದರೂ, ಬರೀ ‘ಹ್ಞೂಂ ಹ್ಞೂಂ’ ಎಂದು ರಾಗ ಎಳೆದರೂ ಅದಕ್ಕೊಂದು ಸಾಲು ಕೊಡಿ. ನಾಲ್ಕೈದು ಸಾಲಾದಾಗ ‘ಇಲ್ಲಿವರೆಗೆ ಏನಾಯ್ತು ಗೊತ್ತಾ?’ ಎಂದು ಅಭಿನಯಿಸಿ ಓದಿ. ಹಿಂದಿನದು ಅವರಿಗೆ ಮರೆತಿರುತ್ತದೆ, ಆದ್ದರಿಂದ ಈ ಓದು ಬಿಡುವಂತಿಲ್ಲ. ಓದು ಮುಗಿಯುವಷ್ಟರಲ್ಲಿ ಎಷ್ಟೋ ಸಲ ಮುಂದಿನ ಸಾಲು ತಾನಾಗೇ ಬರುತ್ತದೆ.

ಮನೆಮಾತು ತುಳುವೋ ಕೊಂಕಣಿಯೋ ಆಗಿದ್ದರೆ ಅದರಲ್ಲೇ ಕೇಳಿ. ಆಮೇಲೆ ಕಲಿತ ಭಾಷೆ ಅನೇಕರಲ್ಲಿ ಮೊದಲು ಜಾರುತ್ತದೆ. ಇನ್ನೊಂದು, ಅವರು ತೀರಿಹೋದ ತಮ್ಮ ತಾಯಿಯನ್ನು ಕಥೆಗೆ ಎಳೆದು ತಂದು ಕಣ್ಣೀರಿಟ್ಟರೆ ಮಾತು ಮರೆಸಲು ಹೋಗಬೇಡಿ. ಕೈ ಹಿಡಿದು, ‘ಅಮ್ಮ ಏನು ಅಡುಗೆ ಮಾಡ್ತಿದ್ರು?’ ಎಂದು ಕೇಳಿ.

ಬಣ್ಣಕ್ಕೆ ಬರೋಣ. ದಪ್ಪ ಬ್ರಷ್, ದಪ್ಪ ಹಾಳೆ, ವಿಷವಿಲ್ಲದ ಪೋಸ್ಟರ್ ಬಣ್ಣ. ಮೂರೇ ಬಣ್ಣ ಇಡಿ, ಹನ್ನೆರಡು ಕಂಡರೆ ಕೈ ನಿಂತುಬಿಡುತ್ತದೆ. ಬಿಳಿ ಹಾಳೆ ಬಿಳಿ ಮೇಜಿನ ಮೇಲೆ ಕಾಣುವುದಿಲ್ಲ, ಕೆಳಗೆ ಕಡು ಬಣ್ಣದ ಬಟ್ಟೆ ಹಾಸಿ. ಬ್ರಷ್ ತೊಳೆಯುವ ನೀರನ್ನು ಸ್ಟೀಲ್ ಲೋಟದಲ್ಲಿ ಕೊಡಲೇಬೇಡಿ. ಕಂದು ಬಣ್ಣ ಕದಡಿದ ಲೋಟ ಕಾಫಿ ಅಂತ ಬಾಯಿಗೆ ಹೋಗುತ್ತದೆ! ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬ ವಾಸಿ. ಕೈ ಶುರುವಾಗದಿದ್ದರೆ ಮೊದಲ ಗೆರೆ ನೀವೇ ಎಳೆದು ಬ್ರಷ್ ಅವರ ಕೈಗಿಡಿ. ರಂಗೋಲಿ ಹಾಕಿ ಪಳಗಿದ ಕೈಗಾದರೆ ಚುಕ್ಕಿ ಇಟ್ಟುಕೊಟ್ಟರೂ ನಡೆಯುತ್ತದೆ.

ಮಕ್ಕಳ ಬಣ್ಣ ತುಂಬುವ ಪುಸ್ತಕ ತರಲೇಬೇಡಿ. ಎಪ್ಪತ್ತೈದರ ಹಿರಿಯರ ಮುಂದೆ ಕಾರ್ಟೂನ್ ಮೊಲ ಇಡುವುದು ಅವಮಾನ ಅಲ್ವಾ? ಅಗ್ಗದ ಮೇಣದ ಕ್ರೇಯಾನ್ ಎಷ್ಟು ಒತ್ತಿದರೂ ಬಣ್ಣ ಬಿಡುವುದಿಲ್ಲ, ಬಲವಿಲ್ಲದ ಬೆರಳಿಗೆ ಅದು ಶಿಕ್ಷೆ. ‘ನೆನಪಿನ ಶಕ್ತಿ ಹೆಚ್ಚಿಸುವ’ ಮೊಬೈಲ್ ಆಟಗಳಿಗೆ ದುಡ್ಡು ಸುರಿಯಬೇಡಿ, ಆ ದುಡ್ಡಿಗೆ ಒಳ್ಳೆ ಬ್ರಷ್ ಬರುತ್ತದೆ.

ಮುಕ್ಕಾಲು ಗಂಟೆ ಗರಿಷ್ಠ. ಕುರ್ಚಿಯಿಂದ ಏಳಲು ನೋಡಿದರೆ ಹತ್ತು ನಿಮಿಷಕ್ಕೇ ನಿಲ್ಲಿಸಿ. ಬೇಡ ಅಂದ ದಿನ ಬಲವಂತ ಬೇಡ, ಚಿತ್ರ ಮಡಚಿಟ್ಟು ನಾಳೆ ನೋಡಿ. ಒಣಗಿದ ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ತಾರೀಖು, ಅವರು ಕೊಟ್ಟ ಹೆಸರು ಬರೆದಿಡಿ. ಗೋಡೆಗೆ ಅಂಟಿಸುವ ಮುಂಚೆ, ವಾಟ್ಸಾಪ್‌ಗೆ ಹಾಕುವ ಮುಂಚೆ ಅವರನ್ನು ಒಂದು ಮಾತು ಕೇಳಿ.