ಜಾವಾಗೆ ಯಾವ ಐಡಿಇ? ಮೊದಲು ಬಿಲ್ಡ್ ಸರಿಮಾಡಿಕೊಳ್ಳಿ

ಹಳೆಯ ಬಿಲ್ಲಿಂಗ್ ಸಿಸ್ಟಮ್ ಒಂದರ ಜಾವಾ ಕೋಡ್ ನೋಡಿಕೊಳ್ಳುವುದು ನನ್ನ ಕೆಲಸ. ತಂಡಕ್ಕೆ ಹೊಸಬರು ಬಂದರೆ ಅವರಿಗೆ ಎಲ್ಲವನ್ನೂ ತೋರಿಸಿಕೊಡುವವಳೂ ನಾನೇ. ಅವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಎಕ್ಲಿಪ್ಸ್ ಹಾಕಿಕೊಳ್ಳಲಾ, ಕಂಪನಿಯಿಂದ ಇಂಟೆಲ್ಲಿಜೆ ಅಲ್ಟಿಮೇಟ್ ಲೈಸೆನ್ಸ್ ಕೇಳಲಾ? ಎರಡೂ ಐಡಿಇಗಳೇ, ಅಂದರೆ ಕೋಡ್ ಬರೆಯಲು, ಓಡಿಸಲು, ತಪ್ಪು ಹುಡುಕಲು ಎಲ್ಲವೂ ಒಂದೇ ಕಡೆ ಇರುವ ಸಾಫ್ಟ್‌ವೇರ್. ಎರಡನ್ನೂ ಸ್ವಲ್ಪ ಪಕ್ಕಕ್ಕಿಡಿ, ಟರ್ಮಿನಲ್ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ತೆರೆಯಿರಿ ಅನ್ನುತ್ತೇನೆ.

ಕೋಡ್ ಇಳಿಸಿಕೊಂಡು ಮೇವನ್ ಅಥವಾ ಗ್ರೇಡಲ್ ಎಂಬ ಟೂಲ್‌ನಿಂದ ಬಿಲ್ಡ್ ಮಾಡಿ (ಅಂದರೆ ಕೋಡನ್ನು ಓಡುವ ಪ್ರೋಗ್ರಾಮ್ ಆಗಿಸಿ), ಟೆಸ್ಟ್‌ಗಳನ್ನೂ ಓಡಿಸಿ. ಐಡಿಇ ಇಲ್ಲದೆಯೇ ಇಷ್ಟೂ ಆಗಬೇಕು. ಆಗದಿದ್ದರೆ ನಿಮ್ಮ ಪ್ರಾಜೆಕ್ಟ್ ಯಾವುದೋ ಒಂದು ಐಡಿಇಯ ಸೆಟ್ಟಿಂಗ್ಸ್‌ಗೆ ಅಂಟಿಕೊಂಡಿದೆ ಎಂದರ್ಥ. ಯಾರದೋ ಯಂತ್ರದಲ್ಲಿ ಕೈಯಿಂದ ಸೇರಿಸಿದ ಜಾರ್ ಫೈಲ್ (ಜಾವಾ ಲೈಬ್ರರಿಯ ಕಟ್ಟು) ಇರಬಹುದು, ಲೈಬ್ರರಿ ಎಲ್ಲಿದೆ ಎಂದು ಎಕ್ಲಿಪ್ಸ್‌ನ ಕ್ಲಾಸ್‌ಪಾತ್ ಫೈಲಿನಲ್ಲಿ ಮಾತ್ರ ಬರೆದಿಟ್ಟ ದಾರಿ ಇರಬಹುದು. ಆ ಸ್ಥಿತಿಯಲ್ಲಿ ನಿಮಗೆ ಆಯ್ಕೆ ಅನ್ನುವುದೇ ಇರುವುದಿಲ್ಲ. ಬಿಲ್ಡ್ ಸ್ವತಂತ್ರವಾಗಿದ್ದರೆ ಇವತ್ತು ಒಂದು ಐಡಿಇ, ಆರು ತಿಂಗಳ ನಂತರ ಇನ್ನೊಂದು ಅಂದರೂ ಏನೂ ಹಾಳಾಗುವುದಿಲ್ಲ. ಒಬ್ಬೊಬ್ಬರು ಒಂದೊಂದು ಬಳಸಿದರೂ ನಡೆಯುತ್ತದೆ. ಈ ಸ್ವಾತಂತ್ರ್ಯ ನನಗೆ ಯಾವ ಐಡಿಇಗಿಂತಲೂ ದೊಡ್ಡದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಎಕ್ಲಿಪ್ಸ್ ಕಂಪೈಲ್ ಮಾಡುವುದು ಜೆಡಿಕೆಯಲ್ಲಿ (ಜಾವಾ ಬರೆಯಲು ಬೇಕಾದ ಮೂಲ ಕಿಟ್) ಬರುವ ಜಾವಾಸಿ ಕಂಪೈಲರಿನಿಂದಲ್ಲ, ತನ್ನದೇ ಇಸಿಜೆ ಎಂಬ ಕಂಪೈಲರಿನಿಂದ. ಅದು ಬದಲಾದ ಭಾಗವನ್ನಷ್ಟೇ ಕಂಪೈಲ್ ಮಾಡುತ್ತದೆ. ಹಾಗಾಗಿ ಫೈಲ್ ಸೇವ್ ಮಾಡುವಷ್ಟರಲ್ಲಿ ತಪ್ಪುಗಳು ಕಾಣುತ್ತವೆ. ಆದರೆ ಜೆನೆರಿಕ್ಸ್ (ಬೇರೆ ಬೇರೆ ಟೈಪ್‌ಗಳಿಗೆ ಒಂದೇ ಕೋಡ್ ಬರೆಯುವ ರೀತಿ) ಜಾಸ್ತಿ ಇರುವ ಕೋಡಿನಲ್ಲಿ ಇಸಿಜೆ ಒಪ್ಪಿದ್ದನ್ನು ಜಾವಾಸಿ ಒಪ್ಪದೇ ಇರುವುದುಂಟು. ಎಕ್ಲಿಪ್ಸ್ ಬಳಸುವವರು ಕೋಡ್ ಕಳಿಸುವ ಮೊದಲು ಟರ್ಮಿನಲ್‌ನಲ್ಲಿ ಒಮ್ಮೆ ಬಿಲ್ಡ್ ಮಾಡಲೇಬೇಕು. ಇನ್ನು ಫಾರ್ಮ್ಯಾಟಿಂಗ್. ಇಂಪೋರ್ಟ್‌ಗಳನ್ನು (ಬೇರೆ ಕ್ಲಾಸ್‌ಗಳನ್ನು ಹೆಸರಿಸುವ, ಫೈಲಿನ ಮೇಲಿನ ಸಾಲುಗಳು) ಒಂದೊಂದು ಐಡಿಇ ಒಂದೊಂದು ಕ್ರಮದಲ್ಲಿ ಜೋಡಿಸುತ್ತದೆ. ಈ ಕೆಲಸವನ್ನು ಸ್ಪಾಟ್‌ಲೆಸ್ ಎಂಬ ಫಾರ್ಮ್ಯಾಟಿಂಗ್ ಪ್ಲಗಿನ್ ಮೂಲಕ ಬಿಲ್ಡ್‌ಗೇ ಒಪ್ಪಿಸಿಬಿಡಿ. ಆಮೇಲೆ ಕೋಡ್ ರಿವ್ಯೂನಲ್ಲಿ ಆ ಜಗಳ ಇರುವುದಿಲ್ಲ.

ಈಗ ಆಯ್ಕೆಗೆ ಬರೋಣ.

ಓಪನ್ ಸೋರ್ಸ್ ಕಡೆ ಮುಖ್ಯವಾಗಿ ಎರಡು ಇವೆ. ಎಕ್ಲಿಪ್ಸ್ ಐಬಿಎಂನಲ್ಲಿ ಹುಟ್ಟಿ, 2001ರಲ್ಲಿ ಓಪನ್ ಸೋರ್ಸ್ ಆಯಿತು. 2004ರಿಂದ ಎಕ್ಲಿಪ್ಸ್ ಫೌಂಡೇಶನ್ ಅದನ್ನು ನೋಡಿಕೊಳ್ಳುತ್ತಿದೆ. ನೆಟ್‌ಬೀನ್ಸ್ ಪ್ರಾಗ್‌ನ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ 1996ರಲ್ಲಿ ಶುರುವಾಗಿದ್ದು. ಸನ್ ಕಂಪನಿ ಅದನ್ನು ಕೊಂಡುಕೊಂಡಿತು, ಆಮೇಲೆ ಒರಾಕಲ್ ಕೈಗೆ ಹೋಯಿತು, ಅಲ್ಲಿಂದ ಅಪಾಚೆ ಫೌಂಡೇಶನ್‌ಗೆ ಬಂದು 2019ರಲ್ಲಿ ಅಲ್ಲಿನ ಪೂರ್ಣ ಪ್ರಾಜೆಕ್ಟ್ ಆಯಿತು. ಇಷ್ಟು ಸಲ ಕೈ ಬದಲಾದರೂ ಉಳಿದುಕೊಂಡಿದ್ದಕ್ಕೆ ಅದರ ಕೋಡ್ ತೆರೆದಿದ್ದದ್ದು ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ. ಒಂದು ಕಾಲಕ್ಕೆ ಹೆಸರು ಮಾಡಿದ್ದ ಬೋರ್ಲಂಡ್‌ನ ಜೆಬಿಲ್ಡರ್ ದುಡ್ಡಿನ ಐಡಿಇ. 2007ರ ಆವೃತ್ತಿ ಬರುವಷ್ಟರಲ್ಲಿ ಅದೇ ಎಕ್ಲಿಪ್ಸ್ ಮೇಲೆ ಕೂತಿತ್ತು. ಹತ್ತು ಹದಿನೈದು ವರ್ಷ ಬಾಳುವ ಕೋಡ್ ನಿಮ್ಮದಾದರೆ ಈ ಇತಿಹಾಸ ನೆನಪಿರಲಿ.

ಮೈಕ್ರೋಸಾಫ್ಟ್‌ನ ಕೋಡ್ ಎಡಿಟರ್ ವಿಎಸ್ ಕೋಡ್ ಇವೆರಡರ ಜೊತೆ ನಿಲ್ಲುವಂಥದ್ದಲ್ಲ. ಅದರ ಮೂಲ ಕೋಡ್ ಎಂಐಟಿ ಎಂಬ ಓಪನ್ ಸೋರ್ಸ್ ಲೈಸೆನ್ಸ್‌ನಲ್ಲಿದೆ. ಆದರೆ ನಾವು ಇಳಿಸಿಕೊಳ್ಳುವ ಪ್ಯಾಕೇಜ್‌ಗೆ ಮೈಕ್ರೋಸಾಫ್ಟ್‌ನದೇ ಬೇರೆ ಲೈಸೆನ್ಸ್. ಅದರಲ್ಲಿ ಜಾವಾ ಅರ್ಥಮಾಡಿಕೊಳ್ಳುವ ರೆಡ್ ಹ್ಯಾಟ್‌ನ ಎಕ್ಸ್‌ಟೆನ್ಶನ್ ಒಳಗೆ ಇರುವುದು ಎಕ್ಲಿಪ್ಸ್‌ನ ಎಂಜಿನ್ನೇ. ಚಿಕ್ಕ ಸರ್ವಿಸ್‌ಗಳಿಗೆ ಚೆನ್ನಾಗಿದೆ.

ದುಡ್ಡಿನ ಕಡೆ ಇವತ್ತು ಮುಖ್ಯ ಹೆಸರು ಜೆಟ್‌ಬ್ರೇನ್ಸ್‌ನ ಇಂಟೆಲ್ಲಿಜೆ ಐಡಿಯಾ. 2009ರಲ್ಲಿ ಇದರ ಉಚಿತ ಕಮ್ಯೂನಿಟಿ ಆವೃತ್ತಿ ಅಪಾಚೆ ಎಂಬ ಓಪನ್ ಸೋರ್ಸ್ ಲೈಸೆನ್ಸ್‌ನಲ್ಲಿ ಬಂತು. 2025.3 ಆವೃತ್ತಿಯಿಂದ ಕಮ್ಯೂನಿಟಿ, ಚಂದಾ ಕಟ್ಟುವ ಅಲ್ಟಿಮೇಟ್ ಎರಡಕ್ಕೂ ಒಂದೇ ಇನ್‌ಸ್ಟಾಲರ್. ಚಂದಾ ಇಲ್ಲದಿದ್ದರೂ ಮೂಲ ಜಾವಾ ಕೆಲಸ ನಡೆಯುತ್ತದೆ. ಹಾಗಾಗಿ ಕೇಳಿಕೊಳ್ಳಬೇಕಾದ್ದು ಇಂಟೆಲ್ಲಿಜೆ ಬೇಕಾ ಅಂತಲ್ಲ. ಅದರ ಚಂದಾ ಭಾಗ ನನಗೆ ದಿನಾ ಬೇಕಾ ಅಂತ.

ಅದನ್ನು ತಿಳಿಯಲು ಮೂವತ್ತು ದಿನದ ಟ್ರಯಲ್ ಸಿಗುತ್ತದೆ. ಸುಮ್ನೆ ಹಲೋ ವರ್ಲ್ಡ್ ಬರೆದು ಆ ದಿನಗಳನ್ನು ಕಳೆಯಬೇಡಿ. ನಿಮ್ಮಲ್ಲಿರುವ ಅತಿ ದೊಡ್ಡ, ಅತಿ ಹಳೆಯ ಪ್ರಾಜೆಕ್ಟನ್ನೇ ತೆರೆಯಿರಿ. ಇಂಡೆಕ್ಸಿಂಗ್ (ಐಡಿಇ ಕೋಡನ್ನೆಲ್ಲ ಓದಿ ಪಟ್ಟಿ ಮಾಡಿಕೊಳ್ಳುವುದು) ಮುಗಿಯುವವರೆಗೆ ಕಾಯಿರಿ, ಆಮೇಲೆ ಮೆಮೊರಿ ಎಷ್ಟು ತಿನ್ನುತ್ತಿದೆ ನೋಡಿ. ಬಹಳ ಕಡೆ ಬಳಕೆಯಲ್ಲಿರುವ ಒಂದು ಮೆಥಡ್‌ನ ಹೆಸರು ಬದಲಿಸಿ, ಎಲ್ಲ ಮಾಡ್ಯೂಲ್‌ಗಳಲ್ಲೂ ಸರಿಯಾಯಿತಾ ಎಂದು ಟರ್ಮಿನಲ್‌ನ ಬಿಲ್ಡ್‌ನಿಂದ ಪರೀಕ್ಷಿಸಿ. ಲೂಪ್ ಒಳಗೆ ಒಬ್ಬ ಗ್ರಾಹಕನ ಐಡಿಗೆ ಮಾತ್ರ ನಿಲ್ಲುವಂತೆ ಬ್ರೇಕ್‌ಪಾಯಿಂಟ್ ಇಡಿ. ಟೆಸ್ಟ್ ಸರ್ವರ್‌ನಲ್ಲಿ ಓಡುವ ಕೋಡನ್ನು ನಿಮ್ಮ ಐಡಿಇಯಿಂದಲೇ ನೋಡಲು ರಿಮೋಟ್ ಡೀಬಗ್ ಹಾಕಿ. ಇದನ್ನೇ ಎಕ್ಲಿಪ್ಸ್‌ನಲ್ಲೂ ನೆಟ್‌ಬೀನ್ಸ್‌ನಲ್ಲೂ ಮಾಡಿ. ಎಕ್ಲಿಪ್ಸ್ ನಿಧಾನ ಅನ್ನಿಸಿದರೆ, ತೀರ್ಪು ಕೊಡುವ ಮೊದಲು ಎಕ್ಲಿಪ್ಸ್ ಇನಿ ಎಂಬ ಸೆಟ್ಟಿಂಗ್ಸ್ ಫೈಲಿನಲ್ಲಿ ಹೀಪ್ (ಅದು ಬಳಸಬಹುದಾದ ಮೆಮೊರಿ) ಮಿತಿ ಏರಿಸಿ ನೋಡಿ. ಗೆಟರ್‌ಗಳಂಥ (ಮೌಲ್ಯ ಓದಿಕೊಡುವ ಮೆಥಡ್‌ಗಳು) ಮಾಮೂಲಿ ಕೋಡನ್ನು ತಾನೇ ಸೇರಿಸುವ ಲಾಂಬಾಕ್ ಲೈಬ್ರರಿ ಬಳಸುವ ಕೋಡ್ ಆದರೆ ಅದರ ಜಾರ್ ಓಡಿಸಿ ಎಕ್ಲಿಪ್ಸ್‌ಗೆ ಸೇರಿಸಬೇಕು, ಇಲ್ಲದಿದ್ದರೆ ಗೆಟರ್‌ಗಳೆಲ್ಲ ಕೆಂಪಾಗಿ ಕಾಣುತ್ತವೆ.

ಈ ಪರೀಕ್ಷೆಗಳಲ್ಲಿ ಬರಿಯ ಜಾವಾ ಭಾಗಕ್ಕೆ ಉಚಿತ ಐಡಿಇಗಳೇ ಸಾಕು. ಚಂದಾದ ಬೆಲೆ ಗೊತ್ತಾಗುವುದು ಸ್ಪ್ರಿಂಗ್ (ಜಾವಾ ಫ್ರೇಮ್‌ವರ್ಕ್), ಜೆಪಿಎ (ಜಾವಾದಿಂದ ಡೇಟಾಬೇಸ್ ಬಳಸುವ ವಿಧಾನ), ಎಸ್‌ಕ್ಯೂಎಲ್ (ಡೇಟಾಬೇಸ್ ಭಾಷೆ) ಎಲ್ಲ ಬೆರೆತ ಕೋಡಿನಲ್ಲಿ. ಸ್ಟ್ರಿಂಗ್ ಒಳಗೆ ಬರೆದ ಕ್ವೆರಿಯಲ್ಲಿ ಕಾಲಮ್ ಹೆಸರು ತಪ್ಪಿದರೆ ಇಂಟೆಲ್ಲಿಜೆ ಡೇಟಾಬೇಸ್ ನೋಡಿ ಅಲ್ಲೇ ಹೇಳುತ್ತದೆ. ಈ ಬೀನ್ (ಸ್ಪ್ರಿಂಗ್ ನೋಡಿಕೊಳ್ಳುವ ಆಬ್ಜೆಕ್ಟ್) ಎಲ್ಲಿಂದ ಬಂತು ಅಂದರೆ ಒಂದು ಕ್ಲಿಕ್. ನನ್ನ ಬಿಲ್ಲಿಂಗ್ ಕೋಡ್ ಇಂಥದ್ದೇ. ಅದಕ್ಕೆ ನಾನು ಚಂದಾ ಇಟ್ಟುಕೊಂಡಿದ್ದೇನೆ. ಪಕ್ಕದ ತಂಡ ಲೈಬ್ರರಿ ಬರೆಯುತ್ತದೆ, ಸ್ಪ್ರಿಂಗ್ ಇಲ್ಲ, ಡೇಟಾಬೇಸ್ ಇಲ್ಲ. ಅವರಿಗೆ ಚಂದಾ ಬೇಡ ಎಂದು ನಾನೇ ಹೇಳಿದೆ. ಎಕ್ಲಿಪ್ಸ್‌ನಲ್ಲಿ ಆರಾಮಾಗಿದ್ದಾರೆ.

ಮಧ್ಯದ ದಾರಿಯೂ ಇದೆ. ಸ್ಪ್ರಿಂಗ್ ಟೂಲ್ಸ್ ಎಕ್ಲಿಪ್ಸ್‌ಗೂ ವಿಎಸ್ ಕೋಡ್‌ಗೂ ಉಚಿತ. ಡೇಟಾಬೇಸ್‌ಗೆ ಡಿಬೀವರ್ ಕಮ್ಯೂನಿಟಿ, ಪ್ರೊಫೈಲಿಂಗ್‌ಗೆ (ಪ್ರೋಗ್ರಾಮ್ ಎಲ್ಲಿ ನಿಧಾನ ಎಂದು ಹುಡುಕುವುದು) ವಿಶುವಲ್‌ವಿಎಂ, ಹೀಪ್ ಡಂಪ್ (ಮೆಮೊರಿಯ ನಕಲು) ನೋಡಲು ಎಕ್ಲಿಪ್ಸ್‌ನ ಮೆಮೊರಿ ಅನಲೈಸರ್. ಎಲ್ಲವೂ ಒಳ್ಳೆಯ ಟೂಲ್‌ಗಳು. ಅವನ್ನು ಜೋಡಿಸಿಟ್ಟುಕೊಳ್ಳಲು ಸಮಯ ಬೇಕು, ಅಷ್ಟೇ ಅಲ್ವಾ? ಆ ಸಮಯ ನಿಮ್ಮಲ್ಲಿದೆಯಾ ನೋಡಿಕೊಳ್ಳಿ.

ಲೈಸೆನ್ಸ್ ಓದದೆ ಇನ್‌ಸ್ಟಾಲ್ ಮಾಡಬೇಡಿ. ಜೆಟ್‌ಬ್ರೇನ್ಸ್‌ನ ವಿದ್ಯಾರ್ಥಿ ಲೈಸೆನ್ಸ್‌ನಲ್ಲಿ ಕಂಪನಿಯ ಕೋಡ್ ಬರೆಯುವಂತಿಲ್ಲ. ವೈಯಕ್ತಿಕ ಲೈಸೆನ್ಸ್ ಆಫೀಸಿನಲ್ಲಿ ಬಳಸಬಹುದು, ಆದರೆ ಅದರ ದುಡ್ಡನ್ನು ಕಂಪನಿ ಕಟ್ಟುವಂತಿಲ್ಲ. ಜೆಡಿಕೆಯ ಲೈಸೆನ್ಸ್ ಇದೆಲ್ಲಕ್ಕಿಂತ ಬೇರೆ ವಿಷಯ. ಉಚಿತ ಐಡಿಇ ಹಾಕಿದ ಮಾತ್ರಕ್ಕೆ ಒರಾಕಲ್ ಜೆಡಿಕೆ ಉಚಿತ ಆಗುವುದಿಲ್ಲ. ಅದರ ನಿಯಮ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿದೆ. ಖಚಿತವಿಲ್ಲದಿದ್ದರೆ ಟೆಮುರಿನ್ ಅಥವಾ ಕೊರೆಟ್ಟೊ ಎಂಬ ಉಚಿತ ಜೆಡಿಕೆ ಬಳಸಿ.

ಚಂದಾ ತೆಗೆದುಕೊಂಡವರು ನವೀಕರಿಸುವ ಮೊದಲು ಒಂದು ವಾರ ಆ ಭಾಗಗಳಿಲ್ಲದೆ ಕೆಲಸ ಮಾಡಿ ನೋಡಿ. ಡೇಟಾಬೇಸ್ ಕಿಟಕಿ ಒಂದೇ ನೆನಪಾದರೆ ಡಿಬೀವರ್ ಸಾಕು. ಹನ್ನೆರಡು ತಿಂಗಳ ಚಂದಾ ಕಟ್ಟಿದ್ದರೆ, ಆ ಅವಧಿ ಶುರುವಾದಾಗ ಇದ್ದ ಆವೃತ್ತಿಯನ್ನು ಆಮೇಲೂ ಬಳಸುವ ಹಕ್ಕು ಇರುತ್ತದೆ. ಹಾಗಾಗಿ ನಿಲ್ಲಿಸಿದ ಮರುದಿನವೇ ಕೆಲಸ ನಿಲ್ಲುವುದಿಲ್ಲ.