ಕೋಡಿ ಅಲ್ಲ, ಏರಿ

ದಾವಣಗೆರೆಯಲ್ಲಿದ್ದುಕೊಂಡು ರೈತರ ಕೈಪಿಡಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಕೆಲಸ. ಒಮ್ಮೆ ಹವಾಮಾನದ ಲೇಖನವೊಂದರಲ್ಲಿ ‘ಟಿಪ್ಪಿಂಗ್ ಪಾಯಿಂಟ್’ ಅನ್ನೋ ಮಾತು ಹನ್ನೊಂದು ಸಲ ಬಂದಿತ್ತು. ಎಲ್ಲ ಕಡೆ ‘ಮಹತ್ವದ ತಿರುವು’ ಎಂದು ಬರೆದೆ. ಓದಿ ನೋಡಿದರೆ ಅರ್ಥವೇ ತಪ್ಪಿತ್ತು. ತಿರುವು ಟರ್ನಿಂಗ್ ಪಾಯಿಂಟ್‌ಗೆ ಸರಿ. 1997ರಲ್ಲಿ ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾಯಿತಲ್ಲ, ಅದು ಈ ಊರಿನ ತಿರುವು.

ಟಿಪ್ಪಿಂಗ್ ಪಾಯಿಂಟ್ ಬೇರೆ. 1957ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞ ಮಾರ್ಟನ್ ಗ್ರಾಡ್ಜಿನ್ಸ್ ಬಿಳಿಯರ ಬಡಾವಣೆಗಳ ಬಗ್ಗೆ ಬರೆಯುತ್ತಾ ‘ಟಿಪ್ ಪಾಯಿಂಟ್’ ಎಂದರು. ಕಪ್ಪು ಜನರ ಕುಟುಂಬಗಳು ಒಂದು ಮಟ್ಟ ದಾಟಿದ ಮೇಲೆ ಉಳಿದ ಬಿಳಿಯರು ಸಾಲಾಗಿ ಮನೆ ಬಿಡುತ್ತಿದ್ದರು. ಸ್ವಲ್ಪವೇ ಸೇರುತ್ತದೆ, ಇಡೀ ಸ್ಥಿತಿ ಮಗುಚುತ್ತದೆ.

ನನಗೆ ತಕ್ಷಣ ಹೊಳೆದಿದ್ದು ಕೋಡಿ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಬಿದ್ದಿದ್ದು 2022ರಲ್ಲಿ. ನೀರು 130 ಅಡಿ ಮುಟ್ಟುವವರೆಗೆ ಏನಿಲ್ಲ, ದಾಟಿದರೆ ಹರಿಯಿತು. ಖುಷಿಯಿಂದ ‘ಕೋಡಿ ಬೀಳುವ ಹಂತ’ ಎಂದು ಬರೆದು ಹಿರಿಯೂರಿನ ಕಡೆಯ ಸೋದರಮಾವನಿಗೆ ಓದಿ ಹೇಳಿದೆ.

“ಕೋಡಿ ಬಿದ್ರೆ ಹೆದರ್ತಾರೇನವ್ವಾ? ಬಾಗಿನ ಕೊಡ್ತಾರೆ. ಏರಿ ಉಳೀಲಿ ಅಂತಾನೇ ಕೋಡಿ ಇಟ್ಟಿರೋದು. ನೀನು ಹೇಳ್ತಿರೋದು ಏರಿ ಒಡೆಯೋದು” ಅಂದರು.

ಅವರು ಹೇಳಿದ್ದು ನಿಜ. ಕೋಡಿ ಹೆಚ್ಚಾದ ನೀರನ್ನು ಹೊರಗೆ ಬಿಟ್ಟು ಕೆರೆಯನ್ನು ಕಾಯುತ್ತದೆ. ಏರಿಯಲ್ಲಿ ಬಿದ್ದ ತೂತು ಹಾಗಲ್ಲ. ನೀರು ಹರಿದಷ್ಟೂ ಮಣ್ಣು ಕೊಚ್ಚುತ್ತದೆ, ಮಣ್ಣು ಕೊಚ್ಚಿದಷ್ಟೂ ನೀರು ಜಾಸ್ತಿ ನುಗ್ಗುತ್ತದೆ. ಮೊದಲು ಬುಟ್ಟಿ ಮಣ್ಣಿಗೆ ನಿಲ್ಲುತ್ತಿದ್ದದ್ದು ಆಮೇಲೆ ಲಾರಿ ಲೋಡಿಗೂ ನಿಲ್ಲುವುದಿಲ್ಲ. ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯ ಕಥೆಯೂ ಇದೇ ಅಲ್ವಾ? ಕರಗಿದಂತೆ ಮಂಜುಗಡ್ಡೆಯ ಮೇಲ್ಮೈ ತಗ್ಗುತ್ತದೆ, ತಗ್ಗಿನಲ್ಲಿ ಗಾಳಿ ಇನ್ನೂ ಬೆಚ್ಚಗಿರುತ್ತದೆ, ಇನ್ನೂ ಬೇಗ ಕರಗುತ್ತದೆ.

ಕೊನೆಗೆ ‘ಕೈಮೀರುವ ಹಂತ’ ಎಂದು ಇಟ್ಟುಕೊಂಡೆ. ಮೊದಲ ಸಲ ಬಂದಾಗ ಮಾತ್ರ ಏರಿಯ ಮಾತು ಸೇರಿಸಿದೆ. ಒಳ್ಳೆಯ ಬದಲಾವಣೆಗೆ ಈ ಪದ ಒಗ್ಗುವುದಿಲ್ಲ. ನಾಲ್ಕಾರು ಹೊಲಕ್ಕೆ ಹನಿ ನೀರಾವರಿ ಬಂದದ್ದು ನೋಡಿ ಊರೆಲ್ಲ ಹಾಕಿಸಿಕೊಂಡರೆ ‘ಕೈಮೀರಿತು’ ಅನ್ನೋಕಾಗುತ್ತಾ? ಅಂಥ ಎರಡು ವಾಕ್ಯಗಳಲ್ಲಿ ‘ಅಲ್ಲಿಂದಾಚೆ ತಾನಾಗೇ ಹಬ್ಬಿತು’ ಎಂದು ಬರೆದೆ. ಉಳಿದ ಒಂಬತ್ತು ಕಡೆ ‘ಕೈಮೀರುವ ಹಂತ’ವೇ ಅಚ್ಚಾಯಿತು.