ಸಭೆಯ ಹೊರಗಿನವರೊಡನೆ ಕರುಣೆಯಿಂದ ನಡೆದುಕೊಳ್ಳುವ ಬಗೆ

ಸಭೆಗೆ, ಅಂದರೆ ಕ್ರೈಸ್ತ ವಿಶ್ವಾಸಿಗಳ ಸಮುದಾಯಕ್ಕೆ, ಸೇರದವರ ಬದುಕನ್ನು ಅಳೆದು ತೀರ್ಪು ಹೇಳುವ ಕೆಲಸವನ್ನು ಕ್ರೈಸ್ತರಿಗೆ ಯಾರೂ ವಹಿಸಿಲ್ಲ ಎಂಬುದನ್ನು ವಿಶ್ವಾಸಿಯಾದವನು ಮೊದಲು ಮನದಟ್ಟು ಮಾಡಿಕೊಳ್ಳಬೇಕು. ಯೇಸುವಿನ ಅಪೊಸ್ತಲನಾದ ಪೌಲನು ಕೊರಿಂಥ ಪಟ್ಟಣದ ಸಭೆಯವರಿಗೆ ಬರೆದ, ಬೈಬಲಿನಲ್ಲಿರುವ ಮೊದಲನೆಯ ಪತ್ರಿಕೆಯ 5ನೆಯ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಇದು ಸ್ಪಷ್ಟವಾಗುತ್ತದೆ. ಸಭೆಯೊಳಗೆ ನಡೆಯುತ್ತಿದ್ದ ಅನೈತಿಕತೆಯ ವಿಷಯದಲ್ಲಿ ಅಷ್ಟು ಕಠಿಣವಾಗಿ ಬರೆದ ಅದೇ ಪೌಲನು, ಹೊರಗಿನವರ ವಿಚಾರಣೆ ತನ್ನ ಕೆಲಸವಲ್ಲವೆಂದೂ ಅವರಿಗೆ ದೇವರೇ ನ್ಯಾಯತೀರಿಸುವನೆಂದೂ ಹೇಳುತ್ತಾನೆ. ಲೋಕದಲ್ಲಿರುವ ಅನೈತಿಕರ ಸಹವಾಸವನ್ನೆಲ್ಲ ಬಿಡಬೇಕಾದರೆ ಲೋಕವನ್ನೇ ಬಿಟ್ಟುಹೋಗಬೇಕಾದೀತು ಎಂದೂ ಸೇರಿಸುತ್ತಾನೆ. ನಾವಾದರೋ ಎಷ್ಟೋ ಸಲ ಒಳಗಿನವರ ತಪ್ಪನ್ನು ಮುಚ್ಚಿಟ್ಟು ಹೊರಗಿನವರ ತಪ್ಪನ್ನು ಎತ್ತಿ ಆಡುತ್ತೇವೆ. ಇದು ದುಃಖದ ಸಂಗತಿ.

ಯಾರನ್ನಾದರೂ ಭೇಟಿಯಾಗುವ ಮುನ್ನ ಅವರ ಬಗ್ಗೆ ನೀವು ಕೇಳಿರುವುದೆಷ್ಟು, ಕಣ್ಣಾರೆ ಕಂಡಿರುವುದೆಷ್ಟು ಎಂದು ಮನಸ್ಸಿನಲ್ಲೇ ಬೇರ್ಪಡಿಸಿಕೊಳ್ಳಿರಿ. ಮತ್ತಾಯನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ತನ್ನ ಕಣ್ಣಿನಲ್ಲಿರುವ ತೊಲೆಯನ್ನು ಎಣಿಸದೆ ಸಹೋದರನ ಕಣ್ಣಿನಲ್ಲಿರುವ ರವೆಯನ್ನು ನೋಡುವವನ ಬಗ್ಗೆ ಯೇಸು ಸ್ವಾಮಿ ಹೇಳಿದ ಮಾತನ್ನು ಆಗ ನಿಮಗೇ ಅನ್ವಯಿಸಿಕೊಳ್ಳಿರಿ.

ಭೇಟಿಯಲ್ಲಿ ಕೊಡುವವರಾಗಿ ಮಾತ್ರ ಕಾಣಿಸಿಕೊಳ್ಳಬೇಡಿರಿ. ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ, ದಣಿದು ಬಾವಿಯ ಬಳಿ ಕುಳಿತಿದ್ದ ಯೇಸು ಸಮಾರ್ಯದ ಸ್ತ್ರೀಯನ್ನು ಕುಡಿಯಲು ನೀರು ಕೇಳಿದನು. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆಯೇ ಇಲ್ಲದ ಆ ಕಾಲದಲ್ಲಿ ಆ ಕೋರಿಕೆಯೇ ಅವಳಿಗೆ ಸಂದ ಗೌರವವಾಗಿತ್ತು. ಅವಳಿಗೆ ಐದು ಮಂದಿ ಗಂಡಂದಿರಿದ್ದರೆಂಬುದನ್ನು ಆತನು ಮರೆಮಾಚಲಿಲ್ಲ, ಆದರೆ ಮಾತು ಅಲ್ಲಿಂದ ಶುರುವಾಗಲೂ ಇಲ್ಲ, ಅಲ್ಲಿಗೇ ನಿಲ್ಲಲೂ ಇಲ್ಲ. ಜನರು ಪಾಪಿಯೆಂದು ಕಡೆಗಣಿಸಿದ್ದ ಸುಂಕದವನಾದ ಜಕ್ಕಾಯನ ವಿಷಯದಲ್ಲೂ ಹಾಗೆಯೇ: ಅವನ ಮನೆಯಲ್ಲಿ ಇಳಿದುಕೊಳ್ಳುತ್ತೇನೆಂಬ ಯೇಸುವಿನ ಮಾತು ಮೊದಲು ಬಂತು, ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವೆನೆಂಬ ಅವನ ಮಾತು ಆಮೇಲೆ ಬಂತು. ಆದ್ದರಿಂದ ನಿಮ್ಮ ನೆರೆಯವರಿಂದ ಸಲಹೆ ಕೇಳಿರಿ, ಅವರ ಆತಿಥ್ಯವನ್ನು ಸ್ವೀಕರಿಸಿರಿ, ಅವರಿಗೆ ಗೊತ್ತಿರುವುದನ್ನು ಕಲಿಯಿರಿ.

ಕಷ್ಟದಲ್ಲಿರುವವರ ಮುಂದೆ ಕುಳಿತಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮದುವೆ ಮುರಿದ ನೋವಿನಲ್ಲಿರುವ ಒಬ್ಬ ಹೆಂಗಸನ್ನು ಕಾಣಲು ಹೋಗಿದ್ದೀರಿ ಎನ್ನೋಣ. “ಯಾಕೆ ಹೀಗಾಯಿತು?” ಎಂದು ಕೇಳಿದ ಕೂಡಲೇ ಅವಳು ಕಟಕಟೆಯಲ್ಲಿ ನಿಂತಂತಾಗುತ್ತದೆ, “ರಾತ್ರಿ ನಿದ್ದೆ ಬರುತ್ತಿದೆಯೇ, ಮಕ್ಕಳು ಹೇಗಿದ್ದಾರೆ?” ಎಂದು ಕೇಳಿದರೆ ಅವಳು ಮಾತಾಡಬಹುದು, ಅಳಬಹುದು, ಸುಮ್ಮನೂ ಇರಬಹುದು. ಅವಳು ಸುಮ್ಮನಿದ್ದರೆ ನೀವೂ ಸುಮ್ಮನಿರಿ. ಬೈಬಲ್ ವಚನ ಹೇಳಿ ಆ ಮೌನವನ್ನು ತುಂಬಬೇಕೆಂಬ ಆತುರ ಸಾಮಾನ್ಯವಾಗಿ ನಮ್ಮ ಮುಜುಗರದಿಂದ ಹುಟ್ಟುವಂಥದ್ದು, ಅವಳ ಅಗತ್ಯದಿಂದಲ್ಲ. ಪ್ರಾರ್ಥಿಸಬೇಕೆನಿಸಿದರೆ ಅನುಮತಿ ಕೇಳಿರಿ. ಬೇಡವೆಂದರೆ ಬೇಸರಿಸದೆ ಮನೆಗೆ ಬಂದು ಏಕಾಂತದಲ್ಲಿ ಪ್ರಾರ್ಥಿಸಿರಿ.

ಸಹಾಯಕ್ಕೆ ಷರತ್ತು ಹಾಕಬಾರದು. ಲೂಕನು ತನ್ನ ಸುವಾರ್ತೆಯಲ್ಲಿ ಬರೆದಿರುವ, ಯೇಸು ಹೇಳಿದ ಸಾಮ್ಯಕಥೆಯಲ್ಲಿ ಒಳ್ಳೆಯ ಸಮಾರ್ಯದವನು, ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಬಿದ್ದಿದ್ದವನ ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿ, ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುವೆನೆಂದನು. ಗಾಯಗೊಂಡವನ ನಂಬಿಕೆ ಏನೆಂದು ಅವನು ವಿಚಾರಿಸಿದ ಸುದ್ದಿ ಅಲ್ಲಿಲ್ಲ. ಸಹಾಯ ಪಡೆದವರು ಆರಾಧನೆಗೆ ಬರಲಿಲ್ಲವೆಂದು ಹೋಗಿಬರುವುದನ್ನು ನಿಲ್ಲಿಸಿದರೆ, ಮೊದಲು ಮಾಡಿದ್ದೂ ಪ್ರೀತಿಯಲ್ಲವೆಂದು ಅವರಿಗೆ ಅನ್ನಿಸುತ್ತದೆ, ಹಾಗೆ ಅನ್ನಿಸುವುದು ನ್ಯಾಯವೂ ಹೌದು.

ಇಷ್ಟೆಲ್ಲ ಹೇಳಿದರೆ ಪಾಪವನ್ನು ಪಾಪವೆನ್ನಬಾರದೇ ಎಂದು ಕೆಲವರು ಕೇಳುತ್ತಾರೆ. ಕರುಣೆಯೆಂದರೆ ಎಲ್ಲದಕ್ಕೂ ಒಪ್ಪಿಗೆಯಲ್ಲ. ನಿಮ್ಮ ನಂಬಿಕೆಯೇನೆಂದು ಅವರಾಗಿಯೇ ಕೇಳಿದಾಗ ಮುಚ್ಚುಮರೆಯಿಲ್ಲದೆ ಹೇಳಿರಿ, ಆದರೆ ಯೇಸುವಿನ ಶಿಷ್ಯನಾದ ಪೇತ್ರನು ತನ್ನ ಮೊದಲನೆಯ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಬರೆದಂತೆ ಸಾತ್ವಿಕತೆಯಿಂದಲೂ ಗೌರವದಿಂದಲೂ ಹೇಳಿರಿ. ಯಾರಾದರೂ ಮಗುವಿಗೋ ದುರ್ಬಲರಿಗೋ ಹಿಂಸೆ ಕೊಡುತ್ತಿದ್ದರೆ ಮಾತ್ರ ಸುಮ್ಮನಿರುವಂತಿಲ್ಲ. ಅಲ್ಲಿ ಹಿಂಸೆಗೊಳಗಾದವರನ್ನು ಕಾಪಾಡುವುದೇ ಕರುಣೆ.

ಕೊನೆಯದಾಗಿ ಪ್ರಾರ್ಥನಾ ಕೂಟದ ವಿಷಯ. ಇನ್ನೊಬ್ಬರ ಮನೆಯ ಕುಡಿತ, ಸಾಲ, ಜಗಳಗಳು ಪ್ರಾರ್ಥನಾ ವಿನಂತಿಯ ಹೆಸರಿನಲ್ಲಿ ಹತ್ತಾರು ಜನರ ಕಿವಿಗೆ ಬೀಳುವುದು ನಮ್ಮ ಕೂಟಗಳಲ್ಲಿ ತೀರಾ ಸಲೀಸಾಗಿ ನಡೆಯುತ್ತದೆ. ಅವರ ಒಪ್ಪಿಗೆಯಿಲ್ಲದೆ ಹೆಸರನ್ನಾಗಲಿ, ಗುರುತು ಸಿಗುವ ವಿವರವನ್ನಾಗಲಿ ಹೇಳಬೇಡಿರಿ; ಬೇರೆಯವರು ಹೇಳತೊಡಗಿದರೆ ಮೃದುವಾಗಿ ತಡೆದು, ಕಷ್ಟದಲ್ಲಿರುವ ಒಂದು ಕುಟುಂಬಕ್ಕಾಗಿ ಪ್ರಾರ್ಥಿಸೋಣ ಎಂದಷ್ಟೇ ಹೇಳಿ ಪ್ರಾರ್ಥನೆಯನ್ನು ಆರಂಭಿಸಿರಿ.